ಕೂರಿಸಿದರೋ, ಮಲಗಿಸಿದರೋ?

"ಅಕ್ಕಾರ, ನಿಮ್ಮ ಅಕ್ಷತಾ ಆ ಭಾಷಿ ಬರೇ ಓದ್ತಾಳಾ, ಇಲ್ಲಾ ಮಾತಾಡಾಕೂ ಬರ್ತೈತಾ?"

ಕಳೆದ ವಾರ ಬೆಳಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದೆ. ನಮ್ಮ ಓಣಿಯ ವೀರೇಶ ಬಂದು ನಿಂತು ಹೀಗೆ ಕೇಳಿದ. ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ಇದ್ದಿದ್ದರೆ ಚೊಂಬಿನ ನೀರು ಅವನ ಕಾಲಿಗೇ ಬೀಳುತ್ತಿತ್ತು. ಈ ಪ್ರಶ್ನೆಯ ಅಣ್ಣತಮ್ಮಂದಿರನ್ನೆಲ್ಲ ಕೇಳಿ ಕೇಳಿ ನನಗೆ ಸಾಕಾಗಿದೆ.

ನಿಮಗೆ ಗೊತ್ತೇ ಇದೆ, ನಮ್ಮ ಮಗಳು ಯೂನಿವರ್ಸಿಟಿಯಲ್ಲಿ ಇಂಡೋನೇಷ್ಯಾ ಭಾಷೆ ಓದುತ್ತಾಳೆ. (ಗೊತ್ತಿಲ್ಲದವರಿಗೆ: ಹೌದು, ಅಂಥದ್ದೊಂದು ಡಿಗ್ರಿ ಇದೆ. ಇಲ್ಲ, ನಮಗೆ ಯಾರೂ ಟೋಪಿ ಹಾಕಿಲ್ಲ.) ಅವಳು ಕೇಳಿದ್ದು ಜಪಾನಿ. ಅದರ ಸೀಟು ತುಂಬಿ ಉಳಿದದ್ದು ಇದು. ಹೊಸಪೇಟೆ ಬಸ್ಸಿನಲ್ಲಿ ಕಿಟಕಿ ಸೀಟು ಹೋಗಿ ಎಂಜಿನ್ ಪಕ್ಕದ ಸೀಟು ಸಿಗುತ್ತದಲ್ಲ, ಹಾಗೆ. ಮೊದಲ ಸೆಮಿಸ್ಟರ್ ಫೋನಿನಲ್ಲಿ ಅತ್ತಳು. ಎರಡನೆಯ ಸೆಮಿಸ್ಟರಿಗೆ ಅಳು ನಿಂತಿತು. ಮೂರನೆಯದಕ್ಕೆ ಬರುವ ಹೊತ್ತಿಗೆ ಆ ಭಾಷೆಯ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಜಗಳಕ್ಕೇ ಬರುತ್ತಿದ್ದಳು.

ರಜೆಗೆ ಬಂದಾಗ, ರೊಟ್ಟಿ ಬಡಿಯುವ ನನ್ನ ಮುಂದೆ ಕೂತು ಪಾಠ ಒಪ್ಪಿಸುತ್ತಾಳೆ. ಅವರು ಭಾಷೆಗೆ ಬಹಾಸ ಅನ್ನುತ್ತಾರಂತೆ. ಗುರುವಿಗೆ ಗುರು. ದುಃಖಕ್ಕೆ ದುಕಾ. ಅಲ್ಲೂ ತೊಗಲುಗೊಂಬೆ ಆಡಿಸುತ್ತಾರಂತೆ, ಅಲ್ಲೂ ಭೀಮ, ಅರ್ಜುನರೇ ಬರುತ್ತಾರಂತೆ. ವಯಸ್ಸಾದ ಹೆಂಗಸರನ್ನೆಲ್ಲ ಇಬು ಎಂದು ಕರೆಯಬೇಕಂತೆ. ಅಂದರೆ ಅಮ್ಮ. ಕೊಟ್ಟೂರು ಸಂತೆಯಲ್ಲಿ ಬದನೆಕಾಯಿ ಮಾರುವವಳನ್ನು ನಾವು ಕರೆಯುವುದೂ ಹಾಗೇ ಅಲ್ಲವೇ?

ಆದರೆ ಓಣಿಗೆ ಇದೆಲ್ಲ ಯಾಕೆ ಬೇಕು? ಓಣಿಗೆ ಬೇಕಾದ್ದು ಒಂದೇ ಉತ್ತರ. ಅದರಿಂದ ಏನು ಉಪಯೋಗ?

"ಕೊಟ್ಟೂರಾಗ ಎಷ್ಟು ಮಂದಿ ಇಂಡೋನೇಷ್ಯಾದವರು ಅದಾರ, ಈಕಿ ಮಾತಾಡಾಕ?" ಅಂದವರಿದ್ದಾರೆ. ಹರಪನಹಳ್ಳಿಯ ನಮ್ಮ ಸೋದರಮಾವ ಅವಳನ್ನು ಎದುರಿಗೆ ಕೂರಿಸಿಕೊಂಡು, "ಅಲ್ಲವ್ವ, ಬಿ.ಎಡ್ ಮಾಡಿದ್ರ ನೆರಳಾಗ ಕುಂತು ಉಣ್ತಿದ್ದಿ" ಎಂದು ನಿಜವಾದ ಕಾಳಜಿಯಿಂದ ಮರುಗಿದ. ಕೂಡ್ಲಿಗಿಯಿಂದ ಒಂದು ಸಂಬಂಧ ಬಂದಿತ್ತು. ಹುಡುಗಿ ಏನು ಓದುತ್ತಾಳೆ ಎಂದು ಕೇಳಿದವರು, ಉತ್ತರ ಕೇಳಿ ಚಹಾ ಕುಡಿದು ಎದ್ದರು. (ಅದಕ್ಕೆ ನನಗೇನೂ ಬೇಜಾರಾಗಲಿಲ್ಲ. ಚಹಾಪುಡಿ ಹೋಯಿತು, ಅಷ್ಟೇ.)

ಇಂಥಾದ್ದರ ನಡುವೆ ವೀರೇಶ ಬೆಳಗ್ಗೆ ಬೆಳಗ್ಗೆ ಬಂದು, ಮಾತಾಡಾಕ ಬರ್ತೈತಾ ಅಂದ.

"ಬರ್ತೈತಪ್ಪ. ಯಾಕ?"

ಅವನು ಓಣಿಯ ಆಚೆ ಈಚೆ ನೋಡಿದ. "ಒಳಗ ಬರ್ಲಾ?" ಅಂದ.

ವೀರೇಶ ಯಾರು ಅಂತ ಹೇಳಬೇಕು. ನಮ್ಮಿಂದ ಮೂರನೇ ಮನೆಯ ಬಸಮ್ಮಕ್ಕನ ದೊಡ್ಡ ಮಗ. ಅವನ ತಮ್ಮ ಕೊಟ್ರೇಶ. ನಮ್ಮೂರಲ್ಲಿ ಕೊಟ್ರೇಶ ಎಂದು ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುತ್ತದೆ, ಆದ್ದರಿಂದ ಇವನು ಮಿಲ್ ಕೊಟ್ರೇಶ. ಐಟಿಐ ಮುಗಿಸಿ, ದಾವಣಗೆರೆಯ ಒಂದು ನೂಲಿನ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ. ಅಲ್ಲಿಂದ ಯಾರೋ ಪರಿಚಯದವರು ಜಾವಾಕ್ಕೆ ಕರೆದುಕೊಂಡು ಹೋದರು. ಅಲ್ಲೂ ನೂಲಿನ ಗಿರಣಿ, ಅಲ್ಲೂ ಅದೇ ಮಷಿನ್ನು. ಊರಿಗೆ ಬಂದು ಹೋಗುವಾಗ ಬಸಮ್ಮಕ್ಕ ಖಡಕ್ ರೊಟ್ಟಿ ಕಟ್ಟಿಕೊಡುತ್ತಿದ್ದಳು. ಗುರೆಳ್ಳು ಪುಡಿ, ಶೇಂಗಾ ಪುಡಿ. ಏರ್‌ಪೋರ್ಟಿನಲ್ಲಿ ಚೀಲ ಬಿಚ್ಚಿಸಿದರಂತೆ ಎಂದು ನಗುತ್ತ ಹೇಳುತ್ತಿದ್ದ.

ಆ ಕೊಟ್ರೇಶ ಈ ಸಲದ ಮಳೆಗಾಲದ ಕೊನೆಗೆ ಅಲ್ಲೇ ತೀರಿಕೊಂಡ. ಡೆಂಗಿ ಜ್ವರ. ಆಸ್ಪತ್ರೆಗೆ ಸೇರಿಸಿದ್ದಾರೆ ಎಂಬ ಸುದ್ದಿಯ ಹಿಂದೆಯೇ ಹೋದ ಎಂಬ ಸುದ್ದಿ ಬಂತು. ಇನ್ನೂ ಮದುವೆಯಾಗಿರಲಿಲ್ಲ. ಹಡಗಲಿ ಕಡೆ ಹೆಣ್ಣು ನೋಡಿಟ್ಟಿದ್ದರು.

ಗಿರಣಿಯವರು ಫೋನ್ ಮಾಡಿ, ಬಾಡಿ ಕಳಿಸಬೇಕೆಂದರೆ ಕಾಗದಪತ್ರ ಆಗಬೇಕು, ಎಷ್ಟು ದಿನವೋ ಹೇಳಲಾಗದು ಅಂದರು. ಮನೆಯ ಹಿರಿಯರು ಕೂತು ಮಾತಾಡಿದರು. ಹೆಣ ಕಾಯಿಸುವುದು ನಮ್ಮಲ್ಲಿಲ್ಲ. ಬೆಳಗ್ಗೆ ಹೋದವರಿಗೆ ಹೊತ್ತು ಮುಳುಗುವ ಮುಂಚೆ ಮಣ್ಣಾಗಬೇಕು. ಅಲ್ಲೇ ಮಾಡಲಿ ಎಂದು ತೀರ್ಮಾನವಾಯಿತು. ವೀರೇಶ ತನಗೆ ಬಂದ ಹರಕು ಮುರುಕು ಹಿಂದಿಯಲ್ಲಿ ಗಿರಣಿಯ ಹಿಂದಿ ಬಲ್ಲ ಮನುಷ್ಯನಿಗೆ ಒಂದೇ ಮಾತು ಹೇಳಿದ್ದ. ಸುಡಬೇಡಿ, ನಮ್ಮಲ್ಲಿ ಹೂಳುತ್ತೇವೆ.

ಇಷ್ಟು ನನಗೂ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಅವನು ಅವತ್ತು ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಹೇಳಿದ.

"ಹೂಳ್ರಿ ಅಂದೆ ಅಕ್ಕಾರ. ಕುಂದ್ರಿಸಿ ಹೂಳ್ರಿ ಅಂತ ಹೇಳಲಿಲ್ಲ."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಒಲೆ ಆರಿಸಿ ಅವನ ಎದುರಿಗೆ ಕೂತೆ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಕಡೆ ಓದುವವರಿಗೆ ಹೇಳುತ್ತೇನೆ. ಲಿಂಗವಂತರ ಮನೆಯಲ್ಲಿ ಹೋದವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಪೂಜೆಗೆ ಕೂತವರ ಹಾಗೆ ಕೂರಿಸುತ್ತೇವೆ. ಕುಣಿಯೊಳಗೂ ಕೂತೇ ಹೋಗಬೇಕು, ಅಂಗೈಯಲ್ಲಿ ಕೊರಳಿನ ಲಿಂಗ ಹಿಡಿದು. ನಮ್ಮ ನಾಲಿಗೆಯಲ್ಲಿ ಮಣ್ಣು ಮಾಡುವುದು ಅಂದರೇ ಕೂರಿಸುವುದು. ಅದನ್ನು ಬೇರೆ ಹೇಳಬೇಕೆಂದು ಯಾರಿಗೆ ಹೊಳೆಯುತ್ತದೆ? ಮಗುವಿಗೆ ಹಾಲು ಕುಡಿಸಿ ಎಂದವರು ಬಾಯಿಯಿಂದ ಕುಡಿಸಿ ಎಂದು ಹೇಳುತ್ತಾರೆಯೇ?

"ಫೋನ್ ಇಟ್ಟ ಮ್ಯಾಲೆ ನೆನಪಾತು. ತಿರುಗಿ ಮಾಡೋದ್ರಾಗ ಮುಗಿದಿತ್ತು" ಅಂದ. "ಅವ್ವಗ ಹೇಳಾಕ ಬಾಯಿ ಬರಲಿಲ್ಲ. ಕುಂದ್ರಿಸ್ಯಾರ, ವಿಭೂತಿ ಹಚ್ಯಾರ, ಎಲ್ಲಾ ನಮ್ಮಂಗ ಮಾಡ್ಯಾರ ಅಂತ ಹೇಳಿಬಿಟ್ಟೆ. ಅದೊಂದು ಮಾತಿನ ಮ್ಯಾಲೆ ಜೀವ ಹಿಡಕೊಂಡಾಳ ಆಕಿ."

ಈಗ ಏನಾಗಿದೆ ಅಂದರೆ, ಕೊಟ್ರೇಶ ಬಾಡಿಗೆಗಿದ್ದ ಮನೆಯ ಒಡತಿ ಬಸಮ್ಮಕ್ಕನಿಗೆ ವಿಡಿಯೋ ಕಾಲ್ ಮಾಡುತ್ತಾಳೆ. ಆಗಾಗ. ಇವಳಿಗೆ ಅವಳ ಮಾತು ತಿಳಿಯುವುದಿಲ್ಲ, ಅವಳಿಗೆ ಇವಳದು ತಿಳಿಯುವುದಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ಅಳುತ್ತಾರೆ. ಅತ್ತು ಸಾಕಾದ ಮೇಲೆ ಯಾರೋ ಒಬ್ಬರು ಕಾಲ್ ಕಟ್ ಮಾಡುತ್ತಾರೆ. ಇಷ್ಟೇ ಮಾತುಕತೆ. ನೀವು ಹತ್ತಿರದವರ ಜೊತೆ ದಿನವೂ ಆಡುವ ಮಾತಿಗಿಂತ ಇದು ಕಡಿಮೆಯೇನಲ್ಲ ಅನ್ನಿಸಿತು ನನಗೆ. ಆದರೆ ಬಸಮ್ಮಕ್ಕನಿಗೆ ಸಾಲದು. ಅಕ್ಷತಾ ರಜೆಗೆ ಬಂದಿದ್ದಾಳೆ ಎಂದು ಕೇಳಿದ್ದೇ, ಆ ಹುಡುಗಿಯನ್ನು ಕರೆ, ನಾನು ಕೇಳಬೇಕು ಎಂದು ಹಟ ಹಿಡಿದಿದ್ದಾಳೆ.

"ಅಲ್ಲಿ ಏನಾರ ಆಗಿರ್ಲಿ, ನಿಮ್ಮ ಹುಡುಗಿ ನಮ್ಮವ್ವಗ ಕುಂದ್ರಿಸ್ಯಾರ ಅಂತ ಹೇಳಬೇಕು. ಅಷ್ಟ ಅಕ್ಕಾರ. ಕೈ ಮುಗೀತೀನಿ." ನಿಜವಾಗಿಯೂ ಮುಗಿದ.

ನನಗೆ ಅವನ ಮಾತು ಸರಿ ಎನ್ನಿಸಿತು. ಸತ್ತ ಮಗ ತಿರುಗಿ ಬರುವುದಿಲ್ಲ. ಒಂದು ಮಾತಿನಿಂದ ಮುದುಕಿ ನೆಮ್ಮದಿಯಾಗಿರುವುದಾದರೆ ಯಾರ ಗಂಟು ಹೋಗುತ್ತದೆ?

ಅಕ್ಷತಾ ಒಳಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವನು ಹೋದ ಮೇಲೆ ನನ್ನ ಮೇಲೆ ತಿರುಗಿದಳು.

"ಅಮ್ಮ, ನಮ್ಮ ಮೇಡಂ ಮೊದಲನೇ ದಿನಾನೇ ಹೇಳ್ಯಾರ. ನಡುವ ನಿಂತು ಹೇಳೋರು ಒಂದಕ್ಷರ ಸೇರಿಸಬಾರದು, ಒಂದಕ್ಷರ ಬಿಡಬಾರದು. ನೀ ಅಲ್ಲಿ ಇಲ್ಲವೇ ಇಲ್ಲ ಅನ್ನಂಗ ಇರಬೇಕು ಅಂತ."

"ನಿಮ್ಮ ಮೇಡಂ ಬಸಮ್ಮಕ್ಕನ್ನ ನೋಡಿಲ್ಲ."

"ಇಷ್ಟು ದಿನ ಈ ಭಾಷಿ ಎದಕ್ಕೂ ಬರಂಗಿಲ್ಲ ಅಂದ್ರಿ. ಈಗ ಮೊದಲನೇ ಸಲ ಕೆಲಸಕ್ಕ ಬಂತು. ಅದೂ ಸುಳ್ಳು ಹೇಳಾಕ."

 "ದೊಡ್ಡವರ ಮಾತು ಕೇಳು" ಅಂದೆ. ಉತ್ತರ ಇಲ್ಲದಾಗ ನಾವು ಅಮ್ಮಂದಿರು ಹೇಳುವುದು ಇದನ್ನೇ.

ಮಧ್ಯಾಹ್ನ ಹೋದೆವು. ಬಸಮ್ಮಕ್ಕ ಪಡಸಾಲೆಯಲ್ಲಿ ಕಂಬಳಿ ಹಾಸಿ ಕಾಯುತ್ತಿದ್ದಳು. ಮುಖ ತೊಳೆದು, ವಿಭೂತಿ ಹಚ್ಚಿ, ತಲೆ ಬಾಚಿಕೊಂಡಿದ್ದಳು. ಬೀಗರು ಬರುತ್ತಾರೆ ಎಂದಾಗ ಕೂರುತ್ತೇವಲ್ಲ, ಹಾಗೆ. ವೀರೇಶ ಬಾಗಿಲಿಗೆ ಒರಗಿ ನಿಂತ. ಮೊಬೈಲನ್ನು ಜೋಳದ ಡಬ್ಬಿಗೆ ಆನಿಸಿ ಇಟ್ಟರು.

ಆ ಕಡೆ ಕಾಣಿಸಿದ್ದು ತಲೆಗೆ ಬಟ್ಟೆ ಕಟ್ಟಿದ, ದುಂಡು ಮುಖದ, ನಮ್ಮ ವಯಸ್ಸಿನ ಹೆಂಗಸು. ಹೆಸರು ಶ್ರೀ. (ಬರೀ ಶ್ರೀ. ಮುಸಲ್ಮಾನರ ಹೆಣ್ಣುಮಗಳು, ಹೆಸರು ಶ್ರೀ. ಅಲ್ಲಿ ಇದು ಮಾಮೂಲಂತೆ.) ಅಕ್ಷತಾ ಅವಳನ್ನು ಇಬು ಎಂದು ಕರೆದು ಎರಡು ಮಾತಾಡಿದ್ದೇ ತಡ, ಆ ಹೆಂಗಸು ಬಾಯಿಗೆ ಕೈ ಹಿಡಿದುಕೊಂಡಳು. ಇಷ್ಟು ದಿನ ಬರೀ ಅಳು ಕೇಳಿದ ಕಡೆಯಿಂದ ತನ್ನದೇ ಮಾತು ಬಂದರೆ ಇನ್ನೇನಾಗುತ್ತದೆ?

ಅವಳು ಮಾತಾಡಿದಳು. ಅದರ ನಡುವೆ ದುಕಾ ಎಂಬುದೊಂದು ಬಂತು. ಅಕ್ಷತಾ ಬಾಯಿ ತೆರೆಯುವ ಮೊದಲೇ ಬಸಮ್ಮಕ್ಕ ತಲೆ ಅಲ್ಲಾಡಿಸಿದಳು. "ತಿಳೀತು. ದುಃಖ ಅಂದ್ಲು."

ಮೊದಲು ಸಣ್ಣ ಸಣ್ಣದ್ದು ಕೇಳಿದಳು. ಊಟಕ್ಕೆ ಏನು ಮಾಡುತ್ತಿದ್ದ? ಅನ್ನ ಉಂಡು ಉಂಡು ಸಾಕಾಗಿದೆ ಅನ್ನುತ್ತಿದ್ದನಂತೆ. ನಿಮ್ಮ ಆ ಗಟ್ಟಿ ರೊಟ್ಟಿಯನ್ನು ನಮಗೂ ಕೊಟ್ಟಿದ್ದ, ನನ್ನ ಗಂಡ ಅದನ್ನು ತಟ್ಟೆ ಎಂದುಕೊಂಡು ಅದರ ಮೇಲೆ ಅನ್ನ ಬಡಿಸಿಕೊಂಡ ಅಂದಳು ಶ್ರೀ. ಬಸಮ್ಮಕ್ಕ ನಕ್ಕಳು. ಮಗ ಹೋದ ಮೇಲೆ ಆಕೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಜ್ವರ ಬಂದಾಗ?

ಗಂಜಿ ಕೊಟ್ಟೆವು. ಆಸ್ಪತ್ರೆಯಲ್ಲಿ ಪಕ್ಕದಲ್ಲೇ ಕೂತಿದ್ದೆ. ಅವ್ವ, ಅವ್ವ ಅನ್ನುತ್ತಿದ್ದ. ಅದರ ಅರ್ಥ ನಾನು ಯಾರನ್ನೂ ಕೇಳಲಿಲ್ಲ. ಜ್ವರದಲ್ಲಿ ಎಲ್ಲ ಮಕ್ಕಳೂ ಕರೆಯುವುದು ಒಬ್ಬರನ್ನೇ.

ಇದನ್ನು ಕನ್ನಡದಲ್ಲಿ ಹೇಳುವಾಗ ಅಕ್ಷತಾ ಅರ್ಧಕ್ಕೇ ನಿಲ್ಲಿಸಿದಳು. ತಿರುಗಿ ಮೊದಲಿನಿಂದ ಹೇಳಿದಳು. ಒಂದಕ್ಷರ ಬಿಡಲಿಲ್ಲ.

ಬಸಮ್ಮಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು.  ಆಕೆ ಮುಖ ತೊಳೆದು ವಿಭೂತಿ ಹಚ್ಚಿಕೊಂಡು ಕೂತಿದ್ದು ಯಾವ ಪ್ರಶ್ನೆಗೆ ಎಂದು ನಮಗೆಲ್ಲ ಗೊತ್ತಿತ್ತು.

"ನನ್ನ ಮಗನ್ನ ಕುಂದ್ರಿಸಿದ್ರಾ, ಮಲಗಿಸಿದ್ರಾ, ಕೇಳವ್ವ."

ವೀರೇಶ ಬಾಗಿಲ ಬಳಿ ಕೆಮ್ಮಿದ. ನಾನು ಅಕ್ಷತಾಳ ಬೆನ್ನ ಹಿಂದೆ ಕೂತಿದ್ದೆ. ಮೆಲ್ಲಗೆ ಅವಳ ನಡು ತಿವಿದೆ. ಅವಳು ತಿರುಗಿ ನೋಡಲಿಲ್ಲ. ಪ್ರಶ್ನೆ ಕೇಳಿದಳು. ಶ್ರೀ ಬಹಳ ಹೊತ್ತು ಉತ್ತರ ಹೇಳಿದಳು. ನಮಗೆ ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಅದರೊಳಗಿನ ನಿಜ ಆ ಮನೆಯಲ್ಲಿ ಒಬ್ಬಳಿಗೇ ಗೊತ್ತು. ಇಪ್ಪತ್ತೊಂದು ತುಂಬದ ಹುಡುಗಿಗೆ.

ಉತ್ತರ ಮುಗಿಯಿತು.  ಬಸಮ್ಮಕ್ಕ ಮೊಬೈಲು ನೋಡುತ್ತಿರಲಿಲ್ಲ. ಅಕ್ಷತಾಳ ಮುಖವನ್ನೇ ನೋಡುತ್ತಿದ್ದಳು.

"ಮಲಗಿಸ್ಯಾರ ದೊಡ್ಡಮ್ಮ" ಅಂದಳು ಅಕ್ಷತಾ.

ವೀರೇಶ ಗೋಡೆಯ ಕಡೆ ಮುಖ ತಿರುಗಿಸಿದ.

"ಆಕಿ ಹೇಳಿದ್ದನ್ನ ಹೇಳ್ತೀನಿ. ನಿಮ್ಮ ಪದ್ಧತಿ ನಮಗ ಗೊತ್ತಿರಲಿಲ್ಲ, ಕೇಳಾಕ ಭಾಷಿ ಇರಲಿಲ್ಲ. ಹೂಳ್ರಿ ಅಂದಾರ ಅಂತ ಅಷ್ಟ ತಿಳೀತು. ನಮ್ಮ ಮಗ ಹೋಗಿದ್ರ ಹೆಂಗ ಮಾಡ್ತಿದ್ವೋ ಹಂಗ ಮಾಡಿದ್ವಿ. ನನ್ನ ಗಂಡ ಕುಣಿಯೊಳಗ ತಾನ ಇಳಿದ. ಬಲಮಗ್ಗಲಿಗೆ ಮಲಗಿಸಿದ. ಬೆನ್ನಿಗೆ ಮಣ್ಣಿನ ಉಂಡಿ ಆನಿಸಿ ಇಟ್ಟ, ಅಂಗಾತ ಬೀಳಬಾರದು ಅಂತ. ಮೈಮ್ಯಾಲೆ ಮಣ್ಣು ಬೀಳದಂಗ ಹಲಗಿ ಇಟ್ವಿ. ಅದು ತಪ್ಪಾಗಿದ್ರ ನಮ್ಮನ್ನ ಮಾಫ್ ಮಾಡ್ರಿ ಅಂತಾಳ."

ಆ ಕಡೆ ಶ್ರೀ, ತನ್ನ ಮಾತು ಮುಟ್ಟಿತೋ ಇಲ್ಲವೋ ಎಂದು, ಬಲಗೈಯನ್ನು ಕೆನ್ನೆಯ ಕೆಳಗಿಟ್ಟು ತಲೆ ವಾಲಿಸಿ ತೋರಿಸಿದಳು. ಹೀಗೆ ಅಂತ.

ಬಸಮ್ಮಕ್ಕ ಅದನ್ನು ನೋಡಿದಳು. "ಕೊರಳಾಗ ಲಿಂಗ ಇತ್ತಲ್ಲ. ತೆಗೆದ್ರಾ?"

ಅಕ್ಷತಾ ಕೇಳಿದಳು. ತೆಗೆದಿರಲಿಲ್ಲವಂತೆ. ಅದು ಏನು ಎಂದು ಅವರಿಗೆ ಗೊತ್ತಿರಲಿಲ್ಲ. ಸ್ನಾನಕ್ಕೂ ತೆಗೆಯದೆ ಇಟ್ಟುಕೊಂಡವನು, ಅದು ಅವನದೇ ಜೀವ ಇರಬೇಕು ಎಂದು ಹಾಗೇ ಬಿಟ್ಟರಂತೆ.

 ವೀರೇಶ ಬಂದು ತಾಯಿಯ ಕಾಲ ಬಳಿ ಕೂತ. "ನಾ ಹೇಳಲಿಲ್ಲ ಅವ್ವ. ಕುಂದ್ರಿಸ್ರಿ ಅಂತ ಬ್ಯಾರೆ ಹೇಳಬೇಕು ಅಂತ ನಂಗ ಹೊಳಿಲಿಲ್ಲ" ಅಂದ. ಅಷ್ಟು ದೊಡ್ಡ ಆಳು, ಇಬ್ಬರು ಮಕ್ಕಳ ತಂದೆ, ಬಿಕ್ಕಿ ಬಿಕ್ಕಿ ಅತ್ತ.

ಆಗ ಬಸಮ್ಮಕ್ಕ ಒಂದು ಮಾತು ಹೇಳಿದಳು. ಅವತ್ತಿನಿಂದ ನನಗೆ ಅದೇ ಕಿವಿಯಲ್ಲಿದೆ.

"ಮಿಲ್ಲಿನ್ಯಾಗ ನಿಂತು ನಿಂತು ನಡ ಹೋಗೈತಿ ಅವ್ವ ಅಂತಿದ್ದ. ಫೋನ್ ಮಾಡಿದಾಗೆಲ್ಲ ಅದ ಮಾತು. ಊರಿಗೆ ಬಂದ ಕೂಡಲೆ ಎಂಟು ದಿನ ಬರೇ ಮಲಗ್ತೀನಿ, ಎಬ್ಬಿಸಬ್ಯಾಡ ಅಂತಿದ್ದ. ನೀ ಕುಂದ್ರಿಸ್ಯಾರ ಅಂದಿ. ಪದ್ಧತಿ ಪ್ರಕಾರ ಆತಲ್ಲ ಅಂತ ಶರಣು ಮಾಡಿದೆ. ಆದ್ರ ಹಾಸಿಗಿಗೆ ಬೆನ್ನು ಹಚ್ಚಿದ್ರ ಅದ ಕಣ್ಣಿಗೆ ಬರ್ತಿತ್ತು. ನಾ ಮಲಗೀನಿ, ನನ್ನ ಕೂಸು ಅಲ್ಲಿ ಕುಂತ ಐತಿ."

ವೀರೇಶನ ತಲೆಯ ಮೇಲೆ ಕೈಯಿಟ್ಟು, "ಮಲಗ್ಲಿ ಬಿಡು. ದಣಿದಿದ್ದ" ಅಂದಳು.

ಆಮೇಲೆ ಅತ್ತಳು. ಶ್ರೀಯೂ ಆ ಕಡೆ ಅತ್ತಳು. ಅಕ್ಷತಾ ಯಾವುದನ್ನೂ ಯಾರಿಗೂ ಹೇಳಬೇಕಾಗಲಿಲ್ಲ.

ನಿಜ ಹೇಳಿದರೆ ಎಲ್ಲ ಒಳ್ಳೆಯದಾಗುತ್ತದೆ ಎಂದು ನಾನು ಹೇಳುತ್ತಿಲ್ಲ. ಎಲ್ಲಿ ಒಳ್ಳೆಯದಾಯಿತು? ಮಗ ಮಣ್ಣಲ್ಲೇ ಇದ್ದಾನೆ. ಅದೂ ಸಮುದ್ರದಾಚೆಯ ಮಣ್ಣಲ್ಲಿ. ತಾಯಿ ಅವನ ಮುಖ ನೋಡಲಿಲ್ಲ, ಹಿಡಿ ಮಣ್ಣು ಹಾಕಲಿಲ್ಲ. ಅದನ್ನು ಯಾವ ಭಾಷೆಯಲ್ಲಿ ಹೇಳಿದರೂ ಅದು ಅಷ್ಟೇ. ಆದರೆ ಒಂದು ಮಾತು ಕೇಳುತ್ತೇನೆ. ಅವಳು ಯಾವುದಕ್ಕೆ ಅಳುತ್ತಿದ್ದಾಳೆ ಎಂದು ನಮ್ಮಲ್ಲಿ ಯಾರಾದರೂ ಅವಳನ್ನು ಕೇಳಿದ್ದೆವೇ? ಪದ್ಧತಿಗೆ ಅಳುತ್ತಾಳೆ ಎಂದು ಮಗ ಅಂದುಕೊಂಡ, ನಾನು ಅಂದುಕೊಂಡೆ, ಓಣಿಯೆಲ್ಲ ಅಂದುಕೊಂಡಿತು. ಕನ್ನಡದಲ್ಲೇ ಕೇಳಬಹುದಿತ್ತು. ಮೂರು ಮನೆ ದಾಟಿದರೆ ಸಾಕಿತ್ತು. ಅದಕ್ಕೆ ಯಾವ ಡಿಗ್ರಿಯೂ ಬೇಕಿರಲಿಲ್ಲ.

ಫೋನ್ ಇಡುವ ಮುಂಚೆ ಬಸಮ್ಮಕ್ಕ ಅಕ್ಷತಾಳ ಕೈ ಹಿಡಿದು, "ಆಕಿ ಗಂಡಗ ಹೇಳವ್ವ. ಕುಣಿಯೊಳಗ ಇಳಿದಾರಲ್ಲ, ಅವರಿಗೆ ನಂದು ಶರಣು ಅಂತ" ಅಂದಳು. ಅಕ್ಷತಾ ಉಳಿದದ್ದೆಲ್ಲ ಅವರ ಭಾಷೆಯಲ್ಲಿ ಹೇಳಿದಳು. ಶರಣು ಎಂಬುದನ್ನು ಮಾತ್ರ ಹಾಗೇ ಹೇಳಿದಳು. ಶ್ರೀ ಎದೆಯ ಮೇಲೆ ಕೈಯಿಟ್ಟು ತಲೆ ಬಗ್ಗಿಸಿದಳು.

ಮನೆಗೆ ಬಂದು ಅಕ್ಷತಾ ಬಚ್ಚಲಿಗೆ ಹೋದಳು. ತಲೆಗೆ ನೀರು ಹಾಕಿಕೊಂಡು ಬಂದಳು. ತಟ್ಟೆಯ ಮುಂದೆ ಕೂತವಳು ಉಣ್ಣಲಿಲ್ಲ.

"ನೀ ಅಲ್ಲಿ ಇಲ್ಲವೇ ಇಲ್ಲ ಅನ್ನಂಗ ಇರಬೇಕು ಅಂತಾರ ಮೇಡಂ" ಅಂದಳು. "ನಾ ಅಲ್ಲೇ ಇದ್ದೆ ಅಮ್ಮ. ಅವ್ವ, ಅವ್ವ ಅಂತಿದ್ದ ಅಂತ ಬಸಮ್ಮ ದೊಡ್ಡಮ್ಮಗ ನನ್ನ ಬಾಯಿಲೇ ಹೇಳಿದೆ."

ನಾನು ತಟ್ಟೆ ಪಕ್ಕಕ್ಕಿಟ್ಟು ಅವಳ ಒದ್ದೆ ತಲೆಯನ್ನು ಟವಲಿನಿಂದ ಒರೆಸಿದೆ. ಚಿಕ್ಕವಳಿದ್ದಾಗ ಒರೆಸಿದ್ದು, ಆಮೇಲೆ ಅವತ್ತೇ.

ಸುದ್ದಿ ಓಣಿಯಲ್ಲೆಲ್ಲ ಹಬ್ಬಿತು. ಹರಪನಹಳ್ಳಿಗೂ ಮುಟ್ಟಿತು. ಮಾವ ಫೋನ್ ಮಾಡಿ, ಏನೇನೋ ಮಾತಾಡಿ, ಬಿ.ಎಡ್ ಸುದ್ದಿ ಎತ್ತದೆ ಇಟ್ಟ. ಮೊನ್ನೆ ಸಂತೆಗೆ ಹೋದಾಗ ನಾಲ್ಕು ಜನ ಅಕ್ಷತಾಳನ್ನು ನಿಲ್ಲಿಸಿ ತಲೆ ಸವರಿದರು. ಯಾರೂ ಹಳೆಯ ಪ್ರಶ್ನೆ ಕೇಳಲಿಲ್ಲ. ಈ ದಿನಕ್ಕಾಗಿ ನಾನು ಎಷ್ಟು ಕಾದಿದ್ದೆ ಎಂದು ನಿಮಗೆ ಗೊತ್ತು. ಬಂತು. ಸಂತೆಚೀಲ ಹಿಡಿದು ಮನೆಗೆ ನಡೆಯುವಾಗ, ಬಸಮ್ಮಕ್ಕನ ಬಾಗಿಲ ಮುಂದೆ ಚೀಲ ಕೆಳಗಿಟ್ಟು ನಿಂತುಬಿಟ್ಟೆ.

ಕೊಟ್ರೇಶ ಊರಿಗೆ ಬಂದು ಎಂಟು ದಿನ ಮಲಗಿ ಏಳಬಾರದಿತ್ತೇ, ಇಂಡೋನೇಷ್ಯಾ ಭಾಷೆ ಕಲಿತು ಏನು ಉಪಯೋಗ ಎಂದು ಇವರೆಲ್ಲ ಇನ್ನೂ ನಾಲ್ಕು ಕಾಲ ಕೇಳುತ್ತಲೇ ಇರಬಾರದಿತ್ತೇ?